ಆರ್‌ವಿಯ ಕಪ್ಪು ತಂತಿ

ಅಮೆರಿಕದವರು ಆರ್‌ವಿ ಎಂದು ಕರೆಯುವ ಪ್ರವಾಸಿ ವಾಹನದಲ್ಲಿ ಹಾಸಿಗೆ, ಒಲೆ, ಫ್ರಿಜ್, ಎ.ಸಿ. ಎಲ್ಲವೂ ಇರುತ್ತವೆ. ಇವಕ್ಕೆ ವಿದ್ಯುತ್ ಎರಡು ಕಡೆಯಿಂದ ಬರುತ್ತದೆ. ದೀಪ, ನೀರಿನ ಪಂಪುಗಳಿಗೆ 12 ವೋಲ್ಟಿನ ಬ್ಯಾಟರಿ, ಎ.ಸಿ., ಮೈಕ್ರೋವೇವ್‌ಗಳಿಗೆ ತಂಗುದಾಣದ ಕಂಬದಿಂದ ಎಳೆದುಕೊಂಡ 120 ವೋಲ್ಟಿನ ಸರಬರಾಜು. ಒಂದು ವಾಹನದ ವೈರಿಂಗ್, ಇನ್ನೊಂದು ಮನೆಯ ವೈರಿಂಗ್. ಎರಡೂ ಒಂದೇ ತೆಳು ಗೋಡೆಯ ಹಿಂದೆ ಹಾದುಹೋಗುತ್ತವೆ. ಬಣ್ಣದ ತೊಡಕು ಶುರುವಾಗುವುದು ಅಲ್ಲೇ.

ಅಮೆರಿಕದ ಮನೆ ವೈರಿಂಗ್‌ನಲ್ಲಿ ಕಪ್ಪು ಎಂದರೆ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರಿಯ ತಾಮ್ರದ ತಂತಿ ಅರ್ತ್. ಕಾರಿನಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಆದರೆ ಎಷ್ಟೋ ಟ್ರೇಲರ್ ಮಾದರಿಯ ಆರ್‌ವಿಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯೇ ಕಪ್ಪು, ಮೈನಸ್ ಬಿಳಿ! ಕಾರಿನ ಅಭ್ಯಾಸ ಇದ್ದವರು ಹೊಸ ಬ್ಯಾಟರಿ ಕೂರಿಸುವಾಗ ಕಪ್ಪನ್ನು ಮೈನಸ್‌ಗೆ ಕಟ್ಟಿಬಿಡುತ್ತಾರೆ. ಪುಣ್ಯಕ್ಕೆ, ಇಂಥ ಸಂದರ್ಭಕ್ಕೆಂದೇ ಸಾಮಾನ್ಯವಾಗಿ 120 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಕನ್ವರ್ಟರ್‌ನಲ್ಲಿ ಬೇರೆ ಫ್ಯೂಸುಗಳಿರುತ್ತವೆ. ಅವು ಸುಟ್ಟುಹೋಗಿ ಉಳಿದದ್ದನ್ನು ಕಾಯುತ್ತವೆ.

ಬರೀ 12 ವೋಲ್ಟ್ ಏನು ಮಾಡೀತು ಎಂಬ ಉಡಾಫೆ ಬೇಡ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ 120 ವ್ಯಾಟಿನ ಉಪಕರಣ ಮನೆಯ ಸರಬರಾಜಿನಲ್ಲಿ 1 ಆಂಪಿಯರ್ ಎಳೆದರೆ ಬ್ಯಾಟರಿಯಿಂದ 10 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ತಂತಿ ನೂರು ಪಟ್ಟು ಹೆಚ್ಚು ಬಿಸಿಯನ್ನು ತಾಳಬೇಕು. ಬ್ಯಾಟರಿ ಕಡೆಯ ತಂತಿಗಳು ಹೆಬ್ಬೆರಳಿನಷ್ಟು ದಪ್ಪ ಇರುವುದೂ, ಶಾರ್ಟ್ ಆದರೆ ಬೆಂಕಿ ಹತ್ತುವುದೂ ಇದೇ ಕಾರಣಕ್ಕೆ.

ಟ್ರೇಲರನ್ನು ಎಳೆಯುವ ಗಾಡಿಗೆ ಜೋಡಿಸುವ ಏಳು ಪಿನ್ನಿನ ಪ್ಲಗ್‌ನದು ಇನ್ನೊಂದು ಕಥೆ. ಅಲ್ಲಿ ಎರಡು ಪದ್ಧತಿಗಳು ಜೊತೆಜೊತೆಗೇ ಬಳಕೆಯಲ್ಲಿವೆ. ಒಂದರಲ್ಲಿ ಹಳದಿ ಎಡ ಇಂಡಿಕೇಟರಿಗೆ, ಹಸಿರು ಬಲಕ್ಕೆ, ಕಂದು ಹಿಂದಿನ ದೀಪಕ್ಕೆ. ಆರ್‌ವಿಯವರ ಹಳೆಯ ಪದ್ಧತಿಯಲ್ಲಿ ಕೆಂಪು ಎಡಕ್ಕೆ, ಕಂದು ಬಲಕ್ಕೆ, ಹಸಿರು ಹಿಂದಿನ ದೀಪಕ್ಕೆ. ಹಸಿರಿಗೆ ಹಸಿರು, ಕಂದಿಗೆ ಕಂದು ಎಂದು ಶ್ರದ್ಧೆಯಿಂದ ಜೋಡಿಸಿದವನು ಬಲ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಹಿಂದಿನ ದೀಪಗಳೆಲ್ಲ ಮಿಣುಕುತ್ತವೆ. ಹೆಡ್‌ಲೈಟ್ ಹಾಕಿದರೆ ಬಲ ಇಂಡಿಕೇಟರ್ ಆರದೆ ಉರಿಯುತ್ತದೆ. ಎರಡೂ ಪದ್ಧತಿಗಳಲ್ಲಿ ಪಿನ್ನಿನ ಜಾಗ ಒಂದೇ. ಹಾಗಾಗಿ ಜೋಡಿಸುವಾಗ ಪಿನ್ನನ್ನು ಹಿಡಿದು ಹೋಗಬೇಕು, ಬಣ್ಣವನ್ನಲ್ಲ.

ಯುರೋಪಿನಲ್ಲಿ ಗೊಂದಲ ಬೇರೆ ಬಣ್ಣದ್ದು. ಜರ್ಮನ್ ವಾಹನಗಳಲ್ಲಿ ಕಂದು ತಂತಿ ಚಾಸಿಗೆ ಸೇರುವ ಮೈನಸ್. ಅಲ್ಲಿನ 230 ವೋಲ್ಟಿನ ಮನೆ ವೈರಿಂಗ್‌ನಲ್ಲಿ ಕಂದೇ ಫೇಸ್. ದೋಣಿಗಳ ವಿಷಯದಲ್ಲಿ ಅಮೆರಿಕದವರು ಜಾಣತನ ತೋರಿದ್ದಾರೆ: ಕಪ್ಪು ಫೇಸ್ ಜೊತೆ ಗೊಂದಲ ಬೇಡವೆಂದು ಬ್ಯಾಟರಿಯ ಮೈನಸ್‌ಗೆ ಹಳದಿ ಬಳಸುತ್ತಾರೆ. ಆರ್‌ವಿ ತಯಾರಕರಿಗೂ ಈ ಬುದ್ಧಿ ಬರಬೇಕಿತ್ತು.

ನಮ್ಮ ಊರಿನ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ನೋಡಿ ಬೆಳೆದು, ಈಗ ಅಮೆರಿಕದಲ್ಲಿರುವ ಕನ್ನಡಿಗರು ಇನ್ನೂ ಎಚ್ಚರವಾಗಿರಬೇಕು. ಇಲ್ಲಿ ಸಾಧುವಾದ ಕಪ್ಪು ಅಲ್ಲಿ ಜೀವ ತೆಗೆಯುವ ತಂತಿ.

ಇನ್ನೊಂದು ಅಪಾಯ ಮನೆಯಂಗಳದಲ್ಲಿ ಹೊಸದಾಗಿ ಹಾಕಿಸಿದ ಸಾಕೆಟ್‌ನಲ್ಲಿದೆ. 30 ಆಂಪಿಯರ್ ಆರ್‌ವಿ ಸಾಕೆಟ್‌ಗೆ ಮೂರು ತೂತು: ಒಂದು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ತ್. ನೋಡಲು ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಹಳೆಯ ಸಾಕೆಟ್ ಥರವೇ ಕಾಣುತ್ತದೆ. ಆರ್‌ವಿ ಕೆಲಸ ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಬಿಳಿ ತಂತಿಗೂ ಫೇಸ್ ಕೊಟ್ಟುಬಿಡುತ್ತಾನೆ. ವೋಲ್ಟೇಜ್ ಎರಡು ಪಟ್ಟಾದರೆ ಹೀಟರಿನಂಥ ಉಪಕರಣ ಎಳೆಯುವ ಶಕ್ತಿ ನಾಲ್ಕು ಪಟ್ಟು. ಒಳಗಿನ ಮೈಕ್ರೋವೇವ್, ಟಿವಿ, ಕನ್ವರ್ಟರ್ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಹಳೆಯ ಆರ್‌ವಿ ಕೊಂಡವರು ಬ್ಯಾಟರಿಯಿಂದ ಹೊರಟ ಯಾವ ತಂತಿ ಚಾಸಿಗೆ ಬೋಲ್ಟ್ ಆಗಿದೆ ಎಂದು ಹುಡುಕಲಿ. ಮೈನಸ್ ಅದೇ, ಬಣ್ಣ ಏನೇ ಇರಲಿ. ಹೊಸ ಸಾಕೆಟ್‌ಗೆ ಪ್ಲಗ್ ಹಾಕುವ ಮುನ್ನ ಅಕ್ಕಪಕ್ಕದ ಎರಡು ಚಪ್ಪಟೆ ತೂತುಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. 120ರ ಆಸುಪಾಸು ತೋರಿಸಿದರೆ ಸರಿ. 240 ತೋರಿಸಿದರೆ ಬ್ರೇಕರ್ ಇಳಿಸಿ, ವೈರಿಂಗ್ ಮಾಡಿದವರನ್ನೇ ವಾಪಸ್ ಕರೆಸಿ.