ತೆಂಗಿನ ನುಸಿಯ ತವರೂರು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳಲ್ಲಿ ತೆಂಗೇ ಎಷ್ಟೋ ಸಂಸಾರಗಳ ಆಧಾರ. 1998ರಲ್ಲಿ ಕೇರಳದಲ್ಲಿ ತಲೆದೋರಿದ ನುಸಿಪೀಡೆ ಬಹುಬೇಗ ಕನ್ನಡನಾಡಿಗೂ ಹಬ್ಬಿತು. ಬರಿಗಣ್ಣಿಗೆ ನಿಲುಕದ ಈ ಜೀವಿ ಎಳೆಗಾಯಿಯ ತೊಟ್ಟಿನಡಿ ಅಡಗಿ ರಸ ಹೀರುತ್ತದೆ. ಸಿಪ್ಪೆ ಬಿರಿದು ಕಾಯಿ ಕುಗ್ಗುತ್ತದೆ. ಸಿಂಪಡಿಸಿದ ಮದ್ದು ಅಲ್ಲಿಗೆ ಸುಲಭವಾಗಿ ಇಳಿಯದು. ನುಸಿಯ ಸಹಜವೈರಿಯನ್ನು ಅದರ ತವರಿನಲ್ಲಿಯೇ ಹುಡುಕೋಣವೆಂದರೆ, ಆ ತವರು ಯಾವುದು?

ಇದಕ್ಕೆ ಉತ್ತರವಿತ್ತದ್ದು ನುಸಿಯ ವಂಶವಾಹಿಯೇ. 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಅಮೆರಿಕಾ, ಆಫ್ರಿಕಾ, ಹಿಂದೂ ಸಾಗರ ಪ್ರದೇಶಗಳ 29 ಮಾದರಿಗಳನ್ನು ಹೋಲಿಸಲಾಯಿತು. ಡಿಎನ್‌ಎಯ ಒಂದು ತುಣುಕಿನಲ್ಲಿ ದೊರೆತ 7 ‘ಪಾಠಾಂತರ’ಗಳ ಪೈಕಿ 6 ಬ್ರೆಜಿಲಿನಲ್ಲಿಯೇ ಇದ್ದವು, ಅಮೆರಿಕಾ ಖಂಡಗಳ ಹೊರಗೆಲ್ಲ ಒಂದೇ! ಭೇದಗಳು ಹೆಚ್ಚಿರುವಲ್ಲಿ ನುಸಿಯ ವಾಸ ದೀರ್ಘವಾದುದು. ಒಂದೇ ಇರುವಲ್ಲಿ ಅದು ಹೊಸ ವಲಸೆಗಾರ. ಅದರ ವೈರಿಯನ್ನರಸುವವರ ದೃಷ್ಟಿ ಅಮೆರಿಕಾದತ್ತ ಹೊರಳುವುದು ಸಹಜವೇ.