ಮಗಳು ಹಿಮಾಲಯಕ್ಕೆ ಹೊರಟರೆ: ಜಾರುವುದನ್ನು ಎಲ್ಲಿ ಕಲಿಯಬೇಕು?

“ಅವ್ವಾ, ಗುಡ್ಡಾ ಹತ್ತೂದು ಕಲಿಯಾಕ ಉತ್ತರಕಾಶಿಗೆ ಹೋಗ್ತೀನಿ” ಎಂದು ಕಾಲೇಜು ಓದುವ ಮಗಳು ಕೇಳಿದರೆ ಗದಗ-ಬೆಟಗೇರಿಯ ತಾಯಿಯ ಎದೆ ಧಸಕ್ಕೆನ್ನುವುದು ಸಹಜವೇ. ಶಿರಹಟ್ಟಿ, ಮುಂಡರಗಿಯ ಕಡೆ ನಾವು ಕಂಡ ದೊಡ್ಡ ಗುಡ್ಡವೆಂದರೆ ಕಪ್ಪತಗುಡ್ಡ. ಅಲ್ಲಿ ಕಾಲು ಜಾರಿದರೆ ಮೊಣಕಾಲು ತರಚೀತು, ಯಾವುದೋ ಗಿಡದ ಬುಡವಾದರೂ ಕೈಗೆ ಸಿಕ್ಕೀತು. ಹಿಮದ ಇಳಿಜಾರಿನಲ್ಲಿ ಹಿಡಿಯಲು ಏನೂ ಇಲ್ಲ, ವೇಗ ಮಾತ್ರ ಕ್ಷಣಕ್ಷಣಕ್ಕೂ ಏರುತ್ತದೆ. ಆದ್ದರಿಂದ ‘ಬ್ಯಾಡ’ ಎನ್ನುವ ಮುಂಚೆ, ‘ಹೂಂ’ ಎನ್ನುವ ಮುಂಚೆಯೂ, ಅಲ್ಲಿ ಏನು ಕಲಿಸುತ್ತಾರೆಂದು ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು.

ಹಿಮ ಏರುವವರ ಕೈಯಲ್ಲಿ ಹಿಮಗೊಡಲಿ ಇರುತ್ತದೆ. ಅದರ ತಲೆ ಒಂದು ಕಡೆ ಪಿಕಾಸಿಯಂತೆ ಚೂಪು, ಇನ್ನೊಂದು ಕಡೆ ಬಡಗಿಯ ಬಾಚಿಯಂತೆ ಅಗಲ; ಹಿಡಿಯ ತುದಿಗೂ ಒಂದು ಮೊನೆ. ಜಾರಿದ ತಕ್ಷಣ ಒಂದು ಕೈಯಿಂದ ಕೊಡಲಿಯ ತಲೆಯನ್ನು ಹೆಗಲ ಬಳಿ, ಇನ್ನೊಂದು ಕೈಯಿಂದ ಹಿಡಿಯ ಕೆಳತುದಿಯನ್ನು ಸೊಂಟದ ಬಳಿ ಗಟ್ಟಿಯಾಗಿ ಹಿಡಿದು, ಬೋರಲಾಗಿ ತಿರುಗಿ, ಎದೆಯ ಭಾರವನ್ನೆಲ್ಲ ಹಾಕಿ ಚೂಪನ್ನು ಹಿಮಕ್ಕೆ ಒತ್ತಬೇಕು. ಇದಕ್ಕೆ ‘ಸೆಲ್ಫ್ ಅರೆಸ್ಟ್’ ಎನ್ನುತ್ತಾರೆ. (ಪೊಲೀಸರ ಅರೆಸ್ಟ್ ಅಲ್ಲ, ಗಾಬರಿ ಬೇಡ!) ಆ ಹೊತ್ತಿನಲ್ಲಿ ಯೋಚಿಸಲು ಸಮಯವಿರುವುದಿಲ್ಲ, ಕೈ ತಾನಾಗಿಯೇ ಓಡಬೇಕು. ರೊಟ್ಟಿ ಬಡಿಯುವುದನ್ನು ಯಾರಾದರೂ ಓದಿ ಕಲಿತಾರೆಯೇ? ಇದೂ ಹಾಗೆಯೇ. ಬೇಕೆಂದೇ ಜಾರಿ, ಹತ್ತಾರು ಸಲ ತಡೆದು ಕಲಿಯಬೇಕು.

ಬೇಕೆಂದೇ ಜಾರುವುದೆಂದರೆ, ಎಲ್ಲಿ? ತಾಯಿ ಕೇಳಬೇಕಾದ ಪ್ರಶ್ನೆ ಇದೇ. ಕೊಡಲಿ ನೆಡದಿದ್ದರೂ ಮಗು ತಾನಾಗಿ ನಿಲ್ಲುವಂಥ ಜಾಗ ಅದಾಗಿರಬೇಕು. ಇಳಿಜಾರಿನ ಕೆಳಗೆ ಉದ್ದಕ್ಕೆ ಸಮತಟ್ಟಾದ ಹಿಮವಿರಬೇಕು. ಬಂಡೆ, ಮರ, ಹಳ್ಳ, ಹಿಮದ ಬಿರುಕು ಇರಕೂಡದು. ಕೆಳಗಷ್ಟೇ ನೋಡಿದರೆ ಸಾಲದು, ಮೇಲೂ ನೋಡಬೇಕು. ಗಾಳಿಗೆ ಚಾಚಿ ನಿಂತ ಹಿಮದ ಸೂರು, ಹೊಸದಾಗಿ ಬಿದ್ದ ಹಿಮ ಹೊತ್ತ ಕಡಿದಾದ ಮೈ ಮೇಲಿದ್ದರೆ ಆ ಜಾಗ ಬೇಡವೇ ಬೇಡ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿಯೇ ಹಿಮಕುಸಿತ ಹೆಚ್ಚು. ಇನ್ನು ಹಿಮದ ಹದ. ನಸುಕಿನಲ್ಲಿ ಗಾಜಿನಂತೆ ಗಟ್ಟಿಯಾಗಿದ್ದರೆ ಕೊಡಲಿ ನೆಡುವುದಿಲ್ಲ; ಮಧ್ಯಾಹ್ನದ ಬಿಸಿಲಿಗೆ ನುಚ್ಚಿನಂತೆ ಮೆತ್ತಗಾದರೆ ಜಾರುವುದೇ ಇಲ್ಲ. ಇವೆರಡರ ನಡುವಿನ ಹದ ನೋಡಿ, ಸಣ್ಣ ಇಳಿಜಾರಿನಿಂದ ಶುರು ಮಾಡಿಸುತ್ತಾರೆ. ತಲೆಗೆ ಹೆಲ್ಮೆಟ್ ಬೇಕು. ಬೂಟಿನ ಕೆಳಗಿನ ಉಕ್ಕಿನ ಮುಳ್ಳುಗಳನ್ನು ಮೊದಲ ಪಾಠದಲ್ಲಿ ಕಟ್ಟಬಾರದು. ಅವು ಹಿಮಕ್ಕೆ ಸಿಕ್ಕರೆ ಮೈ ಪಲ್ಟಿಯಾಗಿ ಕಾಲಿನ ಗೆಣ್ಣೇ ಮುರಿದೀತು.

ನಮ್ಮ ಪಕ್ಕದ ಬಾದಾಮಿಯ ಕೆಂಪು ಬಂಡೆಗಳಲ್ಲಿ ಬಂಡೆ ಹತ್ತುವುದನ್ನು ಚೆನ್ನಾಗಿಯೇ ಕಲಿಯಬಹುದು, ಹಿಮದ ಪಾಠಕ್ಕೆ ಮಾತ್ರ ಉತ್ತರಕ್ಕೇ ಹೋಗಬೇಕು. 1954ರಲ್ಲಿ ಡಾರ್ಜಿಲಿಂಗಿನಲ್ಲಿ, 1965ರಲ್ಲಿ ಉತ್ತರಕಾಶಿಯಲ್ಲಿ ಪರ್ವತಾರೋಹಣ ಸಂಸ್ಥೆಗಳು ಆರಂಭವಾದವು. 1984ರ ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಉತ್ತರಕಾಶಿಯಲ್ಲಿಯೇ ಕಲಿತವರು. ಶಿಖರಕ್ಕೆ ಒಂದು ವಾರ ಮೊದಲು ರಾತ್ರಿ ಹಿಮಕುಸಿತ ಅವರ ಡೇರೆಯ ಮೇಲೇ ಬಿದ್ದಿತ್ತು.

ಸಂಸ್ಥೆಯ ಹೆಸರು ದೊಡ್ಡದೆಂದ ಮಾತ್ರಕ್ಕೆ ನಿಶ್ಚಿಂತೆ ಎಂದು ನಾನು ಹೇಳಲಾರೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಸಂಸ್ಥೆಯ ತರಬೇತಿ ತಂಡವೇ ದ್ರೌಪದಿ ಕಾ ಡಾಂಡಾ ಪರ್ವತದಲ್ಲಿ ಹಿಮಕುಸಿತಕ್ಕೆ ಸಿಕ್ಕಿ 25ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಕರ್ನಾಟಕದವರೂ ಇದ್ದರು. 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣಕ್ಕೆ ಹೋದ ನಮ್ಮ ರಾಜ್ಯದ ತಂಡ ಹಿಮಗಾಳಿಗೆ ಸಿಕ್ಕಿದಾಗ 9 ಮಂದಿ ಹಿಂತಿರುಗಲಿಲ್ಲ. ಕೊಡಲಿಯ ವಿದ್ಯೆ ಜಾರಿದವರನ್ನು ಕಾಯುತ್ತದೆ, ಕುಸಿಯುವ ಹಿಮದಿಂದ, ಚಳಿಗಾಳಿಯಿಂದ ಕಾಯದು.

ಹಾಗಾಗಿ ಹಣ ಕಟ್ಟುವ ಮೊದಲೇ ವಿಚಾರಿಸಿ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಹವೆ ಕೆಟ್ಟರೆ ಪಾಠ ನಿಲ್ಲಿಸುತ್ತಾರೆಯೇ? ‘ಹಂಗೇನೂ ಆಗೂದಿಲ್ರೀ’ ಎಂದು ನಕ್ಕು ಸಾಗಿಸುವವರ ಜೊತೆ ಮಗಳನ್ನು ಕಳಿಸಬೇಡಿ. ವೈದ್ಯರ ತಪಾಸಣೆ ಮಾಡಿಸಿ. ಎರಡು ಮೂರು ತಿಂಗಳು ಮೊದಲಿನಿಂದ ದಿನಾ ಬೆಳಿಗ್ಗೆ ಅವಳು ಓಡಲಿ, ಬೆನ್ನಿಗೆ ಭಾರ ಹೊತ್ತು ನಡೆಯಲಿ. ಕೈಗವಸು ಮಾತ್ರ ಎರಡು ಜೊತೆ ಕಟ್ಟಿಕೊಡಿ. ಹಿಮದಲ್ಲಿ ಹೊರಳಿ ಒದ್ದೆಯಾದದ್ದು ಮರುದಿನದ ಪಾಠಕ್ಕೆ ಒಣಗಿರುವುದಿಲ್ಲ.