ಅಗ್ನಿಭಯವೂ ಗೃಹಸ್ಥನ ಮುಂಜಾಗ್ರತೆಯೂ

ಕಣದ ಕೆಲಸ ಮುಗಿದು, ಹುಲ್ಲಿನ ಬಣವೆಗಳು ಮೇಲೆದ್ದು, ಬಿಸಿಲು ಬಲಿಯುವ ಕಾಲವೇ ಗ್ರಾಮಗಳಲ್ಲಿ ಅಗ್ನಿಭಯದ ಕಾಲವು. ಬೆಂಕಿ ಹತ್ತದಂತೆ ನೋಡಿಕೊಳ್ಳುವ ವಿಷಯವನ್ನು ಎಲ್ಲರೂ ಬಲ್ಲರು. ಹತ್ತಿದ ಮೇಲೆ ಮನೆಯವರು ಬದುಕಿಕೊಳ್ಳುವ ಬಗೆ ಹೇಗೆಂಬುದನ್ನು ಮೊದಲೇ ಆಲೋಚಿಸುವವರು ಮಾತ್ರ ವಿರಳ.

ಮನೆಗೆ ಬೆಂಕಿ ಬಿದ್ದಾಗ ಪ್ರಾಣಹಾನಿಯು ಜ್ವಾಲೆಗಿಂತ ಹೆಚ್ಚಾಗಿ ಹೊಗೆಯಿಂದ ಆಗುವುದು. ಹೊಗೆಯೊಡನೆ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ; ನಿದ್ರೆಯಲ್ಲಿರುವವನು ಎಚ್ಚರಗೊಳ್ಳದೆಯೇ ಪ್ರಾಣ ಬಿಡುವುದುಂಟು. ಸುರಕ್ಷಿತವಾಗಿ ಹೊರಬಂದವನು ಏನನ್ನೋ ತರಲೆಂದು ಮರಳಿ ಒಳಹೊಕ್ಕು ಕುಸಿದು ಬೀಳುವುದೂ ಈ ಹೊಗೆಯಿಂದಲೇ. ಆದುದರಿಂದ, ಮರಳಿ ಒಳಹೋಗುವ ಕಾರಣಗಳನ್ನು ಮೊದಲೇ ಇಲ್ಲದಂತೆ ಮಾಡುವುದೇ ನಿಜವಾದ ಸಿದ್ಧತೆಯೆಂದು ನಮ್ಮ ಅಭಿಪ್ರಾಯ.

ಎಳೆಗೂಸನ್ನೂ ಹಾಸಿಗೆ ಹಿಡಿದ ವೃದ್ಧರನ್ನೂ ಯಾರು ಎತ್ತಿ ತರತಕ್ಕದ್ದೆಂದು ಹೆಸರು ಹಿಡಿದು ಗೊತ್ತುಮಾಡಿರಬೇಕು. ಹೊರಬಂದವರೆಲ್ಲರೂ ಬಾವಿಕಟ್ಟೆಯಾಗಲಿ ಅರಳಿಕಟ್ಟೆಯಾಗಲಿ ಗೊತ್ತಾದ ಒಂದೇ ಸ್ಥಳದಲ್ಲಿ ಸೇರಿ ತಲೆ ಎಣಿಸಬೇಕು. ಇಲ್ಲವಾದರೆ ಹೊರಗೇ ಇರುವ ಮಗುವನ್ನು ತಂದೆಯು ಒಳಗೆ ಹುಡುಕಲು ಹೋದಾನು. ಹಳೆಯ ತೊಟ್ಟಿಮನೆಗಳಿಗೆ ಹಿತ್ತಿಲ ಬಾಗಿಲಿರುವುದು ನಿಜ. ಆದರೆ ರಾಗಿಯ ಮೂಟೆಗಳೂ ಗೊಬ್ಬರದ ಚೀಲಗಳೂ ಅದಕ್ಕೆ ಅಡ್ಡಲಾಗಿ ಬಿದ್ದಿರುವುದು ಅಪರೂಪವಲ್ಲ. ಕಳ್ಳರ ಭಯದಿಂದ ಒಳಗಿನಿಂದ ಬೀಗ ಹಾಕುವವರು, ಕತ್ತಲೆಯಲ್ಲಿ ತಡವಿದರೂ ಸಿಕ್ಕುವಂತೆ ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗಹಾಕತಕ್ಕದ್ದು. ಹೊಗೆ ಮೇಲಕ್ಕೇರುವುದರಿಂದ ನೆಲದ ಹತ್ತಿರ ಗಾಳಿಯು ಸ್ವಲ್ಪ ಹೊತ್ತು ತಿಳಿಯಾಗಿರುವುದು. ತೆವಳಿಕೊಂಡು ಹೊರಬರುವುದನ್ನು ಮಕ್ಕಳಿಗೆ ಆಟದಂತೆ ಒಮ್ಮೆ ಅಭ್ಯಾಸ ಮಾಡಿಸಬೇಕು.

ಇನ್ನು ದನಕರುಗಳ ವಿಷಯ. ಒಕ್ಕಲಿಗನು ತನ್ನ ಎತ್ತುಗಳು ಬೇಯುವುದನ್ನು ಹೊರಗೆ ನಿಂತು ನೋಡಲಾರನು. ಹೋಗಬೇಡವೆಂದು ಅವನಿಗೆ ಉಪದೇಶಿಸಿ ಫಲವಿಲ್ಲ. ಮನೆಯೊಳಗಿಂದಲ್ಲದೆ ಹೊರಗಿನಿಂದಲೇ ತೆರೆಯುವ ಪ್ರತ್ಯೇಕ ಬಾಗಿಲು ಕೊಟ್ಟಿಗೆಗೆ ಇರಲೇಬೇಕು. ಬೆದರಿದ ದನವು ಜಗ್ಗಿದಷ್ಟೂ ಸಾಮಾನ್ಯವಾದ ಗಂಟು ಬಿಗಿಯುವುದು. ಆದಕಾರಣ, ಹಗ್ಗದ ತುದಿಯನ್ನೆಳೆದೊಡನೆ ಬಿಚ್ಚಿಕೊಳ್ಳುವ ಗಂಟಿನಿಂದ ಕಟ್ಟುವುದನ್ನು ಆಳುಮಕ್ಕಳಿಗೆ ಕಲಿಸತಕ್ಕದ್ದು. ಬಾಗಿಲ ಬಳಿ ಹರಿತವಾದ ಒಂದು ಕುಡುಗೋಲು ಸದಾ ಸಿಕ್ಕಿಸಿರಲಿ. ಸರಪಳಿಯಿಂದ ಕಟ್ಟುವವರಿಗೆ ಈ ಉಪಾಯವಿಲ್ಲವೆಂಬುದನ್ನು ಅವರು ಯೋಚಿಸಬೇಕು. ಬಿಟ್ಟ ದನಗಳು ಗಾಬರಿಯಿಂದ ಪರಿಚಯದ ಕೊಟ್ಟಿಗೆಗೇ ಹಿಂದಿರುಗುವುದುಂಟಾದ್ದರಿಂದ, ಅವು ಹೊರಬಿದ್ದೊಡನೆ ಬಾಗಿಲನ್ನು ಮುಚ್ಚಿಬಿಡಬೇಕು. ಬಣವೆಯನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಒಟ್ಟುವುದು ಮೇವು ಹಾಕಲು ಸೌಕರ್ಯವೇನೋ ಸರಿ, ಬೆಂಕಿಗೂ ಅಷ್ಟೇ ಸೌಕರ್ಯ. ವಿದ್ಯುತ್ ತಂತಿಯ ಕೆಳಗಂತೂ ಒಟ್ಟಲೇಕೂಡದು. ಚೆನ್ನಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೊಳಗೇ ಕಾವು ಹೆಚ್ಚಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು.

ಕಾಗದಪತ್ರಕ್ಕಾಗಿ, ಒಡವೆಗಾಗಿ ಒಳನುಗ್ಗುವವರಿಗೆ ಒಂದು ಮಾತು. ನೋಂದಣಿಯಾದ ಕ್ರಯಪತ್ರದ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುವುದು. ಪಹಣಿಯು ‘ಭೂಮಿ’ ಯೋಜನೆಯ ಗಣಕಯಂತ್ರದಲ್ಲಿ ಉಂಟು. ಅಪ್ಪಟ ಚಿನ್ನವು ೧,೦೬೪ ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕಲ್ಲದೆ ಕರಗದು. ಒಡವೆ ಕರಗಿದರೂ ಚಿನ್ನವು ಬೂದಿಯಲ್ಲಿ ಗಟ್ಟಿಯಾಗಿ ಸಿಕ್ಕುವುದು. ಆದರೂ ಮನಸ್ಸು ಕೇಳದಾದುದರಿಂದ, ಪತ್ರಗಳನ್ನೆಲ್ಲ ಒಂದೇ ಚೀಲದಲ್ಲಿಟ್ಟು, ನಕಲುಗಳನ್ನು ಬೇರೆ ಊರಿನ ನೆಂಟರಲ್ಲಿ ಇರಿಸುವುದು ಮೇಲು.

ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ನೆಲದಲ್ಲೇ ಹರಡಿಕೊಂಡಿರುವುದು. ವಾಸನೆ ಬಂದಲ್ಲಿ ವಿದ್ಯುತ್ ಸ್ವಿಚ್ಚನ್ನು ಒತ್ತಲೇಕೂಡದು, ಆರಿಸುವುದಕ್ಕಾಗಿಯೂ ಸಹ. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಗೆ ಬಂದ ಮೇಲೆ ೧೯೦೬ಕ್ಕೆ ದೂರವಾಣಿ ಮಾಡತಕ್ಕದ್ದು. ಬಾಣಲೆಯ ಎಣ್ಣೆ ಹೊತ್ತಿದರೆ ನೀರೆರಚದೆ ಒಲೆಯಾರಿಸಿ ಮುಚ್ಚಳ ಮುಚ್ಚಬೇಕು. ಉಟ್ಟ ಬಟ್ಟೆಗೆ ಬೆಂಕಿ ತಗುಲಿದವರು ಓಡದೆ ನೆಲದಲ್ಲಿ ಉರುಳಬೇಕು; ನಮ್ಮ ಕುರಿಯುಣ್ಣೆಯ ಕಂಬಳಿಯನ್ನು ಅವರಿಗೆ ಬಿಗಿಯಾಗಿ ಸುತ್ತಿದರೆ ಉರಿ ಆರುವುದು. ನೈಲಾನಿನ ಹೊದಿಕೆ ಕರಗಿ ಮೈಗಂಟುವುದು. ಸುಟ್ಟ ಭಾಗದ ಮೇಲೆ ೨೦ ನಿಮಿಷ ತಣ್ಣೀರು ಹರಿಸಬೇಕಲ್ಲದೆ ಶಾಯಿ, ಅರಿಸಿನ, ಎಣ್ಣೆ ಮೊದಲಾದುವನ್ನು ಬಳಿಯಬಾರದು.

ಊರಿನ ಯಜಮಾನರಿಗೆ ಪ್ರತ್ಯೇಕ ಹೊಣೆಯಿದೆ. ೧೦೧ಕ್ಕಾಗಲಿ ೧೧೨ಕ್ಕಾಗಲಿ ಕರೆಹೋದೊಡನೆ, ದಾರಿ ತೋರಲು ಕವಲುದಾರಿಯಲ್ಲಿ ಒಬ್ಬನನ್ನು ನಿಲ್ಲಿಸಬೇಕು. ಬೆಂಕಿಯ ವೇಳೆ ವಿದ್ಯುತ್ತನ್ನು ಕಡಿಯಬೇಕಾಗುವುದರಿಂದ ಕೊಳವೆಬಾವಿಯ ಪಂಪು ನಡೆಯದು. ಆದುದರಿಂದ ತೊಟ್ಟಿಗಳು ಬೇಸಗೆಯಲ್ಲಿ ತುಂಬಿರತಕ್ಕದ್ದು. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿ ಬಂದರಿನಲ್ಲಿ, ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ಹೇರಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಬೆಂಕಿಬಿದ್ದು ಸಿಡಿದಾಗ ಅಗ್ನಿಶಾಮಕ ದಳದ ೬೬ ಮಂದಿ ಮಡಿದರು. ಅವರ ಸ್ಮರಣಾರ್ಥವಾಗಿ ಪ್ರತಿವರ್ಷ ಅಂದಿನಿಂದ ೨೦ರವರೆಗೆ ಸಪ್ತಾಹವು ನಡೆಯುತ್ತಿದೆ. ಆ ವಾರದಲ್ಲಿ ಸಮೀಪದ ಠಾಣೆಯವರನ್ನು ಬರಮಾಡಿಕೊಂಡು, ಅವರ ವಾಹನವು ನಿಮ್ಮೂರಿನ ಓಣಿಗಳೊಳಗೆ ಎಲ್ಲಿಯವರೆಗೆ ಬರಬಲ್ಲುದೆಂದು ಅವರೊಡನೆ ನಡೆದು ನೋಡಿರಿ. ಅಡ್ಡವಾದ ಗಾಡಿ, ಟ್ರಾಕ್ಟರು, ತಿಪ್ಪೆಗಳನ್ನು ಅಂದೇ ತೆಗೆಸಿರಿ.